ಹಿತ್ತಾಳೆಯ ರೆಕ್ಕೆ

ಹಿತ್ತಾಳೆಯ ದೀಪ ಉಜ್ಜಿದ ಕೈಯನ್ನು ಮೂಸಿದರೆ ಈಗಲೂ ನನಗೆ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲೊಂದು ಗಾಜಿನ ತೊಟ್ಟಿಯಿತ್ತು. ಅದರಲ್ಲಿದ್ದವು ಅಂಗಡಿಯ ಬಣ್ಣದ ಮೀನುಗಳಲ್ಲ. ಹರಿಹರದ ಹೊಳೆಯಿಂದ ಅಪ್ಪ ತಂದಿದ್ದ ಬೆಳ್ಳಿಬಣ್ಣದ ಮರಿಗಳು. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ತೊಟ್ಟಿಯ ನೀರು ತಿರುಗಿಸಲು ಬೊಂಬಾಯಿಯಿಂದ ತರಿಸಿದ ಪುಟ್ಟ ಪಂಪಿತ್ತು. “ಹೊಳೆ ಮೀನಿಗೆ ಹರಿಯೋ ನೀರೇ ಬೇಕು” ಎಂದು ಅಪ್ಪ ಪಂಪಿನೊಳಗೆ ತಿರುಗಿ ನೀರು ತಳ್ಳುವ ಸಣ್ಣ ರೆಕ್ಕೆ ಕಿತ್ತು, ತಾವೇ ಮಾಡಿದ ದೊಡ್ಡ ಹಿತ್ತಾಳೆ ರೆಕ್ಕೆ ಕೂರಿಸಿದರು.

ಸ್ವಿಚ್ ಹಾಕಿದೊಡನೆ ನೀರು ನುಗ್ಗಿತು. ಮೀನುಗಳೆಲ್ಲ ಅದಕ್ಕೆ ಎದುರಾಗಿ ಬಾಲ ಬಡಿಯತೊಡಗಿದವು.

“ಹೆಂಗೆ ಓಡ್ತಾವೆ ನೋಡಪ್ಪಾ!” ಎಂದು ನಾನು ಚಪ್ಪಾಳೆ ತಟ್ಟಿದೆ. ಅಪ್ಪನ ಮುಖ ಅರಳಿತು.

ಬಾಗಿಲಲ್ಲಿ ನಿಂತಿದ್ದ ಸೋದರತ್ತೆ, “ಓಡ್ತಿಲ್ಲೋ ತಮ್ಮಾ, ನಿಂತಲ್ಲಿ ನಿಲ್ಲಾಕ ಒದ್ದಾಡ್ತಾವೆ. ಬಂದ್ ಮಾಡು” ಎಂದರು.

“ಇರಕ್ಕಾ, ಹೊಂದಿಕೊಳ್ತಾವೆ” ಎಂದರು ಅಪ್ಪ.

ಊಟ ಮುಗಿಸಿ ಬಂದಾಗ ಮೀನುಗಳು ನೀರೆಳೆಯುವ ಕೊಳವೆಯ ಬಾಯಿಯ ಜಾಲರಿಗೆ ಅಂಟಿಕೊಂಡಿದ್ದವು. ಅತ್ತೆ ಸ್ವಿಚ್ ಆರಿಸಿದರು. ಮೀನುಗಳು ಒಂದೊಂದಾಗಿ ಕಳಚಿ ತಳಕ್ಕಿಳಿದವು, ಒಂದೂ ಮಿಸುಕಲಿಲ್ಲ.

ಅಪ್ಪ ತೊಟ್ಟಿಯ ಕಡೆ ನೋಡಲಿಲ್ಲ. ರೆಕ್ಕೆ ಬಿಚ್ಚಿ, ಪಂಚೆಯ ತುದಿಯಿಂದ ಒರೆಸಿ, ನನ್ನ ಅಂಗೈಯಲ್ಲಿಟ್ಟರು. ಅದಿನ್ನೂ ಒದ್ದೆಯಾಗಿತ್ತು.

“ನೀರು ಜೋರಾಗಿ ಬಂತಲ್ಲ?” ಎಂದು ಮೆಲ್ಲಗೆ ಕೇಳಿದರು.

“ಭಾಳ ಜೋರು ಬಂತಪ್ಪಾ,” ಎಂದು, ಅಪ್ಪನ ಮುಖ ಮತ್ತೆ ಅರಳಲೆಂದು ನಕ್ಕೆ.

ಅತ್ತೆ ಅಪ್ಪನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.