ತಿಂಗಳಿಗೆ ಎರಡು ಕಾಗೆ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಹೊಳನಗದ್ದೆಯ ತಿಮ್ಮಪ್ಪ ಮಾಸ್ತರರ ಹೆಂಡತಿ ಶ್ರೀಮತಿಯನ್ನು ಇಂದು ಬೆಳಿಗ್ಗೆ, ದೋಸೆಯ ಕಾವಲಿ ಒಲೆಗೇರುವ ಮುಂಚೆಯೇ, ಕಾಗೆ ಮುಟ್ಟಿತು.

ಇದರಲ್ಲಿ ಸುದ್ದಿಯೇನಿಲ್ಲ. ಹೆಂಗಸರನ್ನು ತಿಂಗಳಿಗೊಮ್ಮೆ ಕಾಗೆ ಮುಟ್ಟುವುದು, ಮುಟ್ಟಿಸಿಕೊಂಡವರು ಮೂರು ದಿನ ಹಿತ್ತಲ ಕೋಣೆಯಲ್ಲಿ ಹೊರಗೆ ಕೂರುವುದು, ನಾಲ್ಕನೆಯ ದಿನ ಮಿಂದು ಒಳಗೆ ಬರುವುದು ಊರಿನ ಎಲ್ಲ ಮನೆಗಳಲ್ಲೂ ಇದ್ದದ್ದೇ. ಸುದ್ದಿಯೇನೆಂದರೆ, ಇದೇ ಕಾಗೆ ಹದಿನೈದು ದಿನದ ಹಿಂದೆಯೂ ಬಂದುಹೋಗಿತ್ತು.

ಅತ್ತೆ ಮಾಸ್ತಮ್ಮ ಅಡುಗೆಮನೆಗೆ ಹೋದಳು. ಬಾಗಿಲ ಹಿಂದೆ ತಿಂಗಳಿಗೊಂದರಂತೆ ಇದ್ದಲಿನಿಂದ ಎಳೆದ ಮೂರು ಗೀಟುಗಳಿದ್ದವು. ಅವನ್ನು ಒಮ್ಮೆ ನೋಡಿದಳು. ನಾಲ್ಕನೆಯದನ್ನು ಎಳೆಯಲಿಲ್ಲ.

ಹಿತ್ತಲ ಕೋಣೆಯಲ್ಲಿ ಶ್ರೀಮತಿ ಬಾಗಿಲು ಓರೆ ಮಾಡಿ, ಸೂರಿನ ಸಂದಿಗೆ ಕೈಹಾಕಿ, ನೂರಾನಲವತ್ತು ಪುಟ ತುಂಬಿದ ಪುಸ್ತಕವನ್ನು ಎಳೆದಳು. ಕಾಗೆಗೂ ಕಾಗದಕ್ಕೂ ಈ ಮನೆಯಲ್ಲಿ ಎರಡು ವರ್ಷದ ನಂಟು. ಧಾರವಾಡದ ಮಾಸಪತ್ರಿಕೆಯೊಂದು ಮಹಿಳೆಯರಿಗೆ ಕಾದಂಬರಿ ಸ್ಪರ್ಧೆ ಇಟ್ಟಿತ್ತು. ಕಡೆಯ ದಿನಕ್ಕೆ ಇನ್ನು ಆರೇ ವಾರ.

ಮನೆಯೊಳಗೆ ಬರೆಯಲು ಅವಳು ನೋಡಲಿಲ್ಲ ಎಂದಲ್ಲ. ತಿಮ್ಮಪ್ಪ ಮಾಸ್ತರರು ಉದಾರಿಗಳು. ನನ್ನ ಮೇಜಿನ ಮೇಲೇ ಬರೆ, ಯಾರು ಬೇಡ ಅಂದರು, ಎಂದಿದ್ದರು. ಮೇಜಿನ ಮೇಲೆ ಅವರ ಟೊಪ್ಪಿ, ಕೊಡೆ, ಮೂರನೆಯ ಇಯತ್ತೆಯ ಉತ್ತರಪತ್ರಿಕೆ ಮತ್ತು ಅವರ ಎರಡು ಮೊಣಕೈಗಳು ಸದಾ ಇರುತ್ತಿದ್ದವು. ಅಟ್ಟ ಹತ್ತಿದರೆ, ಹೇಗೂ ಮೇಲೆ ಹೋಗಿದ್ದೀ, ನಾಲ್ಕು ನೀರುಳ್ಳಿ ಕಿತ್ತುಕೊಂಡು ಬಾ ಎಂದು ಕೆಳಗಿನಿಂದ ಕೂಗು. ಒಂದು ಅಧ್ಯಾಯಕ್ಕೆ ಅವಳು ಹನ್ನೊಂದು ಸಲ ನೀರುಳ್ಳಿ ಇಳಿಸಿದ್ದಳು. ಸಂಜೆ ಕೂರೋಣವೆಂದರೆ ಯುದ್ಧದ ಕಾಲ, ಚಿಮಣಿ ಎಣ್ಣೆಗೂ ರೇಷನ್ ಚೀಟಿ. ಊಟ ಮುಗಿಯುತ್ತಲೇ ದೀಪಕ್ಕೆ ಊದು. ಈಚೆಗಂತೂ ಬಂಗಡೆ ಮೀನು ಹುರಿಯುವ ವಾಸನೆ ಬಂದರೆ ಪೆನ್ನೇ ಓಡುತ್ತಿರಲಿಲ್ಲ. ಬರೆಯುವವರಿಗೆ ಮೂಗು ಸೂಕ್ಷ್ಮ ಎಂದು ಅವಳು ಹೇಳಿಕೊಂಡಳು.

ಹೊರಗೆ ಕೂತ ಮೂರು ದಿನ ಮಾತ್ರ ಯಾರೂ ಕೂಗುವುದಿಲ್ಲ, ಮುಟ್ಟುವುದಿಲ್ಲ, ನೀರುಳ್ಳಿ ಕೇಳುವುದಿಲ್ಲ. ಅವಳು ಹೊರಗೆ ಕೂತರೆ ಒಳಗಿದ್ದದ್ದು ಹೊರಗೆ ಬರುತ್ತಿತ್ತು.

ಆದರೆ ಮೂರು ದಿನ ಎಲ್ಲಿಗೆ ಸಾಲುತ್ತದೆ? ಕಥಾನಾಯಕಿ ಬಂಗಾರಿ ಗಂಡನ ಮನೆ ಬಿಟ್ಟು ಹೊನ್ನಾವರದಲ್ಲಿ ಹೊಳೆ ದಾಟಲು ದೋಣಿ ಹತ್ತಿ ಎರಡು ತಿಂಗಳಾಗಿತ್ತು. ಪಾಪ, ಇನ್ನೂ ನಡುನೀರಿನಲ್ಲೇ ಕೂತಿದ್ದಳು. ಈ ಕಾಗೆಯಲ್ಲಿ ಅವಳನ್ನು ದಡದ ಹತ್ತಿರ ತರಬೇಕು, ಇನ್ನೊಂದು ಕಾಗೆಯಲ್ಲಿ ಇಳಿಸಿ, ಶುದ್ಧಪ್ರತಿ ಮಾಡಿ, ಅಂಚೆಗೆ ಹಾಕಬೇಕು. ಅದಕ್ಕೇ ಕಾಗೆಗೆ ಈ ಅವಸರ.

ಮೊದಲ ದಿನ ಮಧ್ಯಾಹ್ನ ಮಾಸ್ತಮ್ಮ ಎಲೆಯನ್ನು ಬಾಗಿಲಾಚೆ ಇಟ್ಟಳು. ಒಂದು ಸೌಟು ಹೆಚ್ಚು ಅನ್ನ, ಮೇಲೆ ತುಪ್ಪ.

"ಬಿಡಬೇಡ. ಪೂರಾ ಉಣ್ಣು."

ಕೆಲಸವಿಲ್ಲದೆ ಕೂತವಳಿಗೆ ಚುಚ್ಚುಮಾತು ಎಂದುಕೊಂಡು ಶ್ರೀಮತಿ ಪೂರಾ ಉಂಡಳು.

ಎರಡನೆಯ ದಿನ ಮಾಸ್ತಮ್ಮ ಹಿತ್ತಲಲ್ಲಿ ಬಹಳ ಹೊತ್ತು ನಿಂತಳು.

"ಬಿಸಿಲು ಚಂದ ಅದೆ," ಅಂದಳು. "ಬೇಲಿ ಮಾತ್ರ ಖಾಲಿ ಅದೆ."

ಹಪ್ಪಳ ಮಾಡಿಲ್ಲವೆಂಬ ದೂರು ಇರಬೇಕು. ಶ್ರೀಮತಿ ತಲೆ ಎತ್ತಲಿಲ್ಲ. ದೋಣಿಯವನು ಆಗಷ್ಟೇ ಹುಟ್ಟು ಹಾಕತೊಡಗಿದ್ದ.

ಮೂರನೆಯ ದಿನ ಬೆಳಕು ಆರುವ ಹೊತ್ತಿಗೆ ಬಂಗಾರಿಯ ದೋಣಿ ದಡಕ್ಕೆ ಒಂದು ಗಳದಷ್ಟು ದೂರದಲ್ಲಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಪುಸ್ತಕವನ್ನು ಸೂರಿಗೆ ಸೇರಿಸುವ ಮುಂಚೆಯೇ ಮಾಸ್ತಮ್ಮ ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಶ್ರೀಮತಿ ಪುಸ್ತಕವನ್ನು ಚಾಪೆಯೊಳಗೆ ಸುತ್ತಿದಳು. ಹೊರಗೆ ಕೂತಾಗ ಮುಟ್ಟಿದ ಬಟ್ಟೆ, ಚಾಪೆ, ತಂಬಿಗೆ ಎಲ್ಲ ನೀರಿಗೆ ಬಿದ್ದೇ ಒಳಗೆ ಬರಬೇಕೆಂಬುದು ಮನೆಯ ಕಾಯಿದೆ. ಮಾಸ್ತಮ್ಮ ಚಾಪೆ ಬಿಡಿಸಲು ಹೇಳಿದಳು. ಪುಸ್ತಕ ಕಲ್ಲಿನ ಮೇಲೆ ಬಿತ್ತು.

"ಎಂತದೇ ಅದು?"

"ಪುಸ್ತಕ."

"ಮುಟ್ಟಿದ್ದಾ?"

ಶ್ರೀಮತಿ ಕೊಡದ ನೀರನ್ನು ನೋಡಿದಳು. ಬರೆದದ್ದೆಲ್ಲ ಪುಡಿ ಕಲಸಿದ ಅಗ್ಗದ ಶಾಯಿಯಲ್ಲಿ. ಕಾಗೆ ನಿಜವಾದರೆ ಪುಸ್ತಕ ನೀರಿಗೆ, ಬಂಗಾರಿ ದೋಣಿ ಸಮೇತ ಮುಳುಗಿದಂತೆ. ಪುಸ್ತಕ ಉಳಿಯಬೇಕಾದರೆ ಕಾಗೆ ಸುಳ್ಳಾಗಬೇಕು.

"ಕಾಗೆ ಮುಟ್ಟಲಿಲ್ಲ ಅತ್ತೆ," ಅಂದಳು. "ಸುಳ್ಳು ಹೇಳ್ದೆ. ಬರೆಯೂಕೆ ಮನೇಲಿ ಬೇರೆ ಜಾಗ ಇಲ್ಲ."

ಮಾಸ್ತಮ್ಮ ಕೊಡ ಕೆಳಗಿಟ್ಟಳು. ಪುಸ್ತಕವನ್ನು ತಾನೇ ಎತ್ತಿದಳು, ಸೆರಗಿನಲ್ಲಿ ಧೂಳು ಒರೆಸಿದಳು, ಸೊಸೆಯ ಕೈಗೆ ಕೊಟ್ಟಳು. ಒಂದು ಹನಿ ನೀರೂ ತಾಗಲಿಲ್ಲ. ಶ್ರೀಮತಿಗೆ ಉಸಿರು ಬಂತು. ಗೊತ್ತಿದ್ದೂ ಬಿಟ್ಟುಕೊಟ್ಟಳೆಂದರೆ ಇನ್ನೊಂದು ಕಾಗೆಗೂ ಅಡ್ಡಿಯಿಲ್ಲ. ಬಂಗಾರಿ ಇಳಿದಂತೆಯೇ ಲೆಕ್ಕ.

"ಈ ಸಲದ್ದೊಂದೇ ಸುಳ್ಳಲ್ಲ," ಅಂದಳು ಮಾಸ್ತಮ್ಮ. "ಮೂರು ತಿಂಗಳಾತು, ಬೇಲಿ ಮೇಲೆ ನಿನ್ನ ಒಂದು ಬಟ್ಟೆ ತುಂಡೂ ಒಣಗಲಿಲ್ಲ. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಶ್ರೀಮತಿ ಪುಸ್ತಕವನ್ನು ಹೊಟ್ಟೆಗೆ ಅವಚಿಕೊಂಡಳು.

"ಆತು, ಒಳಗೆ ಬಾ. ಬಸುರಿ ಹೆಂಗ್ಸನ್ನ ಒಬ್ಬಳೇ ಬಿಡೂಕಾಗೂದಿಲ್ಲ. ಇನ್ನು ಹೆರೂ ತನಕ ನಾ ನಿನ್ನ ಬೆನ್ನಿಗೇ ಇರ್ತೆ."