ಮುಷ್ಕರದ ದಿನ ಗೊತ್ತಿದ್ದವರು

ಹಂಚಿನ ಕಾರ್ಖಾನೆಯಲ್ಲಿ ಕಾರ್ಮಿಕರ ಸಂಘ ಕಟ್ಟಿದ ಮೊಂತು, ಸಾಯುವ ಹೊತ್ತಿಗೆ ಪಾದ್ರಿಯನ್ನು ಕರೆಸಿದ. ಮೂವತ್ತು ವರ್ಷಗಳಿಂದ ಆ ಮನೆಯ ಹೊಸ್ತಿಲು ತುಳಿಯದಿದ್ದ ಪಾದ್ರಿ, ಸಾಯುವವರ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಕುಪ್ಪಿ ಹಿಡಿದು ಮಂಚದ ಪಕ್ಕ ಕುಳಿತರು.

"ಕೆಂಪು ಬಾವುಟದವನ ಮನೆಗೆ ಬರ್ಲಿಕ್ಕೆ ಹೆದರಿಕೆ ಆಯ್ತಾ, ಫಾದರ್?" ಮೊಂತು ನಕ್ಕ.

"ಮೊದಲು ಪಾಪನಿವೇದನೆ ಮಾಡು."

"ಇರುವುದು ಒಂದೇ ಪಾಪ. ನನ್ನ ಜೊತೆ ಸಂಘದಲ್ಲಿದ್ದ ಇನಾಸನನ್ನು ಕೊಂದದ್ದು ನಾನು."

"ಅವನು ತಾನಾಗಿ ಹೊಳೆಗೆ ಹಾರಿದ್ದಲ್ವಾ?"

"ದ್ರೋಹಿ ಅಂತ ಎಲ್ಲರೆದುರು ಹೇಳಿ ಸಂಘದಿಂದ ಹೊರಗೆ ಹಾಕಿದ್ದು ನಾನು. ಮೂರನೇ ದಿನ ಹಾರಿದ. ಮುಷ್ಕರ ಯಾವತ್ತು ಅಂತ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಹಿಂದಿನ ದಿನವೇ ಧಣಿ ಗೇಟಿಗೆ ಬೀಗ ಹಾಕಿ ಪೊಲೀಸರನ್ನು ನಿಲ್ಲಿಸಿದ. ನಾನು ಹೇಳಿರಲಿಲ್ಲ, ಹಾಗಾದ್ರೆ ಇನ್ಯಾರು? ಈಗ ಇನಾಸ ದಿನಾ ಬಂದು ಕಾಲಿನ ಹತ್ತಿರ ನಿಲ್ತಾನೆ, ಫಾದರ್. ಮೈಯಿಂದ ನೀರು ಸೋರ್ತದೆ. 'ನಾನಲ್ಲ' ಅಂತಾನೆ."

ಪಾದ್ರಿ ಕುಪ್ಪಿಯ ಮುಚ್ಚಳ ಬಿಗಿ ಮಾಡಿದರು. "ನೆನಪು ಮಾಡಿಕೋ ಮೊಂತು. ಬೇರೆ ಯಾರಿಗೂ ಹೇಳಿರಲಿಲ್ವಾ?"

"ಹೆಂಡತಿಗೂ ಹೇಳಿರಲಿಲ್ಲ. ಮುಷ್ಕರಕ್ಕೆ ಮುಂಚಿನ ಶನಿವಾರ ಪಾಪನಿವೇದನೆಗೆ ಬಂದಾಗ ನಿಮಗೆ ಹೇಳಿದ್ದೆ. ಯೇಸುವಿನ ಶಿಷ್ಯರು, ಆ ಅಪೊಸ್ತಲರೂ ಇದ್ದದ್ದನ್ನು ಹಂಚಿಕೊಂಡೇ ಬದುಕಿದವರು, ಮುಷ್ಕರ ಪಾಪ ಅಲ್ಲ ಅಂತ ಧೈರ್ಯ ಕೊಟ್ರಿ. ಯಾವ ದಿನ ಅಂತ ನೀವೇ ಕೇಳಿದ್ರಿ. ಆದ್ರೆ ನಿಮಗೆ ಹೇಳಿದ್ದು ದೇವರಿಗೆ ಹೇಳಿದ ಹಾಗೆ, ಅದು ಲೆಕ್ಕಕ್ಕಿಲ್ಲ."