ಹುಲ್ಲಲ್ಲಿಟ್ಟ ಹಣ್ಣು

ಮಾವಿನ ಪೆಟ್ಟಿಗೆ ತೆರೆದಾಗ ಒಣಹುಲ್ಲಿನ ವಾಸನೆ ಬಂದರೆ ಸಾಕು, ನಾನು ಶ್ರೀನಿವಾಸಪುರದ ನಮ್ಮ ಮಂಡಿಯಲ್ಲಿ ನಿಂತಿರುತ್ತೇನೆ.

ಅಪ್ಪ ಕ್ರೈಸ್ತರಾಗಿ ದೀಕ್ಷಾಸ್ನಾನ ತೆಗೆದುಕೊಂಡ ವರ್ಷ ಅದು. ಅಲ್ಲಿಯವರೆಗೆ ಅವರೂ ಎಲ್ಲರಂತೆ ಬೆಳ್ಳುಳ್ಳಿಯಂಥ ಘಾಟಿನ ಕಾರ್ಬೈಡ್ ಪುಡಿ ಇಟ್ಟು ಬೇಗ ಬೇಗ ಹಣ್ಣು ಮಾಡುತ್ತಿದ್ದರು. ಆ ಬೇಸಿಗೆಯಲ್ಲಿ ಪುಡಿಯನ್ನೆಲ್ಲ ಹೊರಗೆ ಹಾಕಿ, ಕಾಯಿಗಳನ್ನು ಭತ್ತದ ಹುಲ್ಲಿನಲ್ಲಿ ಮುಚ್ಚಿಟ್ಟರು.

ಪ್ರತಿ ವರ್ಷ ನಮ್ಮಲ್ಲೇ ಕೊಳ್ಳುತ್ತಿದ್ದ ಬಾಷಾ ಸಾಬರು ಲಾರಿ ತಂದು, ಹುಲ್ಲು ಕೆದರಿ ನೋಡಿದರು. ಕಾಯಿಗಳಿನ್ನೂ ಕಲ್ಲಿನಂತಿದ್ದವು.

"ಏನಣ್ಣಾ ಇದು? ಖಾಲಿ ಲಾರಿ ತಗೊಂಡು ಹೋಗ್ಲಾ?"

"ಇನ್ನೊಂದು ವಾರ ಬೇಕು ಸಾಬ್ರೇ. ಆ ವಿಷದ ಪುಡಿ ಇನ್ಮೇಲೆ ಮುಟ್ಟಲ್ಲ."

ಸಾಬರು ಪಕ್ಕದ ಮಂಡಿಯಲ್ಲಿ ಲೋಡು ಮಾಡಿಸಿದರು. ಅಮ್ಮ ಬಾಗಿಲಲ್ಲೇ ಕೂತುಬಿಟ್ಟಳು.

"ಭಾನುವಾರ ಪ್ರಾರ್ಥನೆಗೆ ಹೋಗಿ, ನಾನು ಬೇಡ ಅಂದ್ನಾ? ಅದನ್ನ ಮಂಡಿಗ್ಯಾಕೆ ತಂದ್ರಿ?"

"ಯೇಸುವನ್ನ ಬಾಗಿಲಲ್ಲಿ ನಿಲ್ಲಿಸಿ ನಾನೊಬ್ಬನೇ ಒಳಗೆ ಬರೋಕಾಗುತ್ತೇನೇ?" ಎಂದರು ಅಪ್ಪ. ಆಮೇಲೆ ನನ್ನ ಕೈಗೊಂದು ಬುಟ್ಟಿ ಕೊಟ್ಟು, ಮೂಲೆಯ ಹುಲ್ಲಲ್ಲಿ ಮೊದಲೇ ಇಟ್ಟು ಹಣ್ಣಾಗಿದ್ದ ಕೆಲವು ರಸಪುರಿ ಮಾವುಗಳನ್ನು ಆರಿಸತೊಡಗಿದರು.

ತುಂಬಿದ ಲಾರಿ ಹೊರಡುವ ಮುಂಚೆ ನಮ್ಮ ಮಂಡಿಯ ಮುಂದೆ ನಿಂತಿತು. ಸಾಬರು ಇಳಿದು ಬಂದರು. ಅಪ್ಪನ ಮುಖ ನೋಡದೆ, ನನ್ನ ಬುಟ್ಟಿ ನೋಡಿಕೊಂಡು ಕೇಳಿದರು.

"ಹುಲ್ಲಲ್ಲಿ ಹಣ್ಣಾಗಿರೋ ಆ ಬುಟ್ಟಿ ಹಣ್ಣು ಕೊಡಣ್ಣಾ. ಮನೇಲಿ ಮಕ್ಕಳಿಗೆ."

ಲಾರಿ ಹೋದ ಮೇಲೆ ಅಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಬರು ಕೆದರಿದ್ದ ಹುಲ್ಲನ್ನು ಕಾಯಿಗಳ ಮೇಲೆ ಮತ್ತೆ ಹೊದಿಸಿದಳು.